‘ಯಾವ ಮೀಡಿಯಂ?’

ಅಂಗಡಿಯಲ್ಲಿ ಅಂಗಿ ಕೊಳ್ಳುವಾಗ ನಾವು ‘ಮೀಡಿಯಂ ಸೈಜ್’ ಕೇಳುತ್ತೇವೆ. ರೇಡಿಯೋ ಕೇಳಿ ಬೆಳೆದ ಹಿರಿಯರಿಗೆ ‘ಮೀಡಿಯಂ ವೇವ್’ ಗೊತ್ತು. ಆದರೆ ನಮ್ಮ ಊರುಗಳಲ್ಲಿ ಈ ಪದ ಹೆಚ್ಚಾಗಿ ಕಿವಿಗೆ ಬೀಳುವುದು ಜೂನ್ ತಿಂಗಳಲ್ಲಿ: “ನಿಮ್ಮ ಮಗು ಯಾವ ಮೀಡಿಯಂ?”

ಲ್ಯಾಟಿನ್ ಭಾಷೆಯ ‘ಮೀಡಿಯಸ್’ ಎಂದರೆ ನಡುವಿನದು. ನಾವು ದಿನವೂ ಬಳಸುವ ‘ಮಧ್ಯ’ ಎಂಬ ಸಂಸ್ಕೃತ ಪದವೂ ಅದೂ ಒಂದೇ ಬೇರಿನವು. ನಡುವೆ ಇದ್ದು ಒಂದು ಕಡೆಯದನ್ನು ಇನ್ನೊಂದು ಕಡೆಗೆ ಮುಟ್ಟಿಸುವ ಸಾಧನ ಎಂಬ ಅರ್ಥವೂ ಇಂಗ್ಲಿಷಿನಲ್ಲಿ ಇದಕ್ಕಿದೆ. ‘ಮೀಡಿಯಾ’ ಇದರದೇ ಬಹುವಚನ. ಉರ್ದುವಿನಲ್ಲಿ ಶಿಕ್ಷಣ ಮಾಧ್ಯಮಕ್ಕೆ ‘ಜರಿಯಾ-ಎ-ತಾಲೀಮ್’ ಎನ್ನುತ್ತಾರೆ. ‘ಜರಿಯಾ’ ಎಂದರೂ ಸಾಧನವೇ.

ಈ ಸಾಧನಕ್ಕೆ ಅಂತಸ್ತು ಬಂದದ್ದು ಹೇಗೆ? ಸರಕಾರದ ಶಿಕ್ಷಣದ ಹಣವನ್ನು ಅರಬ್ಬಿ, ಸಂಸ್ಕೃತಗಳಿಗಿಂತ ಇಂಗ್ಲಿಷ್ ಶಿಕ್ಷಣಕ್ಕೆ ಬಳಸಬೇಕೆಂದು ಮೆಕಾಲೆ 1835ರ ಫೆಬ್ರವರಿ 2ರಂದು ಟಿಪ್ಪಣಿ ಬರೆದನು. ಗವರ್ನರ್ ಜನರಲ್ ಬೆಂಟಿಂಕ್ ಅದನ್ನು ಒಪ್ಪಿದನು. ಕ್ರಮೇಣ ಇಂಗ್ಲಿಷ್ ನೌಕರಿಯ ಬಾಗಿಲಾಯಿತು. ಬಾಗಿಲ ಒಳಗಿದ್ದವರು, ಹೊರಗುಳಿದವರು ಎಂಬ ಭೇದವೂ ಹುಟ್ಟಿತು.

ಈ ಇತಿಹಾಸದ ಒಂದು ಎಳೆ ನಮ್ಮ ಕೊಪ್ಪ ತಾಲ್ಲೂಕಿನಲ್ಲೇ ಇದೆ. ರಾಷ್ಟ್ರಕವಿ ಕುವೆಂಪು 1904ರ ಡಿಸೆಂಬರ್ 29ರಂದು ಜನಿಸಿದ್ದು ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. 1922ರಲ್ಲಿ ಪ್ರಕಟವಾದ ಅವರ ಮೊದಲ ಕವನ ಪುಸ್ತಿಕೆ ‘ಬಿಗಿನರ್ಸ್ ಮ್ಯೂಸ್’ ಇಂಗ್ಲಿಷಿನದು. ಮಾತೃಭಾಷೆಯಲ್ಲಿ ಬರೆಯಿರಿ ಎಂದು ಅವರಿಗೆ ಹೇಳಿದವರು ಐರಿಷ್ ಕವಿ ಜೇಮ್ಸ್ ಕಸಿನ್ಸ್. ಮುಂದೆ 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದಾಗ ಕುವೆಂಪು ಕಾಲೇಜು ಶಿಕ್ಷಣಕ್ಕೆ ಕನ್ನಡ ಮಾಧ್ಯಮವನ್ನು ತಂದರು. ಆದರೂ ಇಂಗ್ಲಿಷ್ ಸಾಹಿತ್ಯವನ್ನು ಅವರು ದೂರವಿಡಲಿಲ್ಲ. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ಅವರ ಕೈಯಲ್ಲಿ ‘ರಕ್ತಾಕ್ಷಿ’ಯಾಯಿತು, ‘ಟೆಂಪೆಸ್ಟ್’ ‘ಬಿರುಗಾಳಿ’ಯಾಯಿತು.

1956ರಲ್ಲೇ ಸಂವಿಧಾನಕ್ಕೆ 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ರಾಜ್ಯಗಳು ಅನುಕೂಲ ಕಲ್ಪಿಸಬೇಕೆಂದು ಅದು ಹೇಳುತ್ತದೆ. ಒಂದರಿಂದ ನಾಲ್ಕನೇ ತರಗತಿವರೆಗೆ ಮಾತೃಭಾಷೆ ಅಥವಾ ಕನ್ನಡದಲ್ಲೇ ಕಲಿಸಬೇಕೆಂದು ಕರ್ನಾಟಕ ಸರಕಾರ 1994ರಲ್ಲಿ ಆದೇಶಿಸಿತು. ಸರಕಾರ ಇದನ್ನು ಹೇರುವಂತಿಲ್ಲ, ಆಯ್ಕೆ ಮಗುವಿನ ಪರವಾಗಿ ಪೋಷಕರದ್ದು ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2019-20ರಿಂದ ರಾಜ್ಯದ 1000 ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗಗಳು ಆರಂಭವಾದವು.

ಆಯ್ಕೆ ನಮ್ಮ ಕೈಗೆ ಬಂದಿದೆ ಎಂದರೆ ಹೊಣೆಯೂ ಬಂದಿದೆ. ನಮ್ಮಲ್ಲಿ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಬ್ಯಾರಿ ಅಥವಾ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಅರ್ಥವಾಗದ ಪಾಠವನ್ನು ಬಾಯಿಪಾಠ ಮಾಡಿ ಮಗು ಅಂಕ ಗಳಿಸಬಹುದು, ಆದರೆ ಅಲ್ಲಿ ಮಾಧ್ಯಮವು ಸೇತುವೆಯಾಗದೆ ಗೋಡೆಯಾಗುತ್ತದೆ. “ಅವನು ಕನ್ನಡ ಮೀಡಿಯಂ” ಎಂದು ಹಗುರವಾಗಿ ಮಾತನಾಡಿದಾಗಲೂ ಸಾಧನದ ಹೆಸರನ್ನು ಮನುಷ್ಯನ ಹಣೆಗೆ ಅಂಟಿಸಿದಂತೆ.

ಪೋಷಕರೇ, ಶಾಲೆ ಯಾವುದಾದರೂ ಇರಲಿ, ಇಂದಿನ ಪಾಠವನ್ನು ಮನೆಯ ಮಾತಿನಲ್ಲಿ ಹೇಳಲು ಮಗುವನ್ನು ಕೇಳಿ. ವಿದ್ಯಾರ್ಥಿಗಳೇ, ಕನ್ನಡದಲ್ಲಿ ಓದುತ್ತಿದ್ದರೆ ಇಂಗ್ಲಿಷನ್ನು ಅಂಜದೆ ಕಲಿಯಿರಿ. ಇಂಗ್ಲಿಷಿನಲ್ಲಿ ಓದುತ್ತಿದ್ದರೆ ಕನ್ನಡ ಪುಸ್ತಕವನ್ನು ಬಿಡಬೇಡಿ. ‘ಯಾವ ಮೀಡಿಯಂ?’ ಎಂದು ಕೇಳುವವರು ‘ಪಾಠ ತಿಳಿಯಿತೇ?’ ಎಂದೂ ಕೇಳಲಿ.