ಕವಿಯೂ ಪಂಚಾಯತಿಯ ಕುರ್ಚಿಯೂ

ನಾನೇನೂ ಇತಿಹಾಸಕಾರನಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಚಲನ್ ನೋಡುವ ಗುಮಾಸ್ತ. ಆದರೂ ಒಂದು ಚಲನಚಿತ್ರ ನನ್ನನ್ನು ಇತಿಹಾಸದ ಕಡೆಗೆ ಎಳೆದುಕೊಂಡು ಹೋಯಿತು. 2018ರಲ್ಲಿ ತೆರೆಕಂಡ, ರಿಷಬ್ ಶೆಟ್ಟಿಯವರ ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು’ ಚಿತ್ರವನ್ನು ನಮ್ಮ ಪಣಕಹಳ್ಳಿಯ ಮನೆಯಲ್ಲಿ ಎಲ್ಲರೂ ಕೂಡಿ ನೋಡಿದೆವು. ಅದು ಕಟ್ಟುಕತೆ. ಮುಚ್ಚಲಿರುವ ಕನ್ನಡ ಶಾಲೆಯನ್ನು ಮಕ್ಕಳು ಉಳಿಸಿಕೊಳ್ಳುವ ಕತೆ. ನೋಡಿ ಮುಗಿದ ಮೇಲೆ ಅಪ್ಪ ಬಹಳ ಹೊತ್ತು ಸುಮ್ಮನಿದ್ದು, “ಕಾಸರಗೋಡಿನಲ್ಲಿ ನಿಜವಾಗಿ ಬದುಕಿದ್ದ ಒಬ್ಬ ಕವಿಯ ಬಗ್ಗೆ ಯಾರಾದರೂ ಹೀಗೆ ಸಿನಿಮಾ ತೆಗೀಬೇಕಪ್ಪ” ಎಂದರು. ಅವರು ಹೇಳಿದ್ದು ಕಯ್ಯಾರ ಕಿಞ್ಞಣ್ಣ ರೈಗಳ ವಿಷಯ.

ಕಯ್ಯಾರರು ಹುಟ್ಟಿದ್ದು 1915ರಲ್ಲಿ. ಸ್ವಾತಂತ್ರ್ಯ ಚಳುವಳಿ, ಪತ್ರಿಕೋದ್ಯಮ, ಪೆರಡಾಲದ ನವಜೀವನ ಹೈಸ್ಕೂಲಿನ ಮೇಷ್ಟ್ರ ಕೆಲಸ, ಬೇಸಾಯ, ಇವೆಲ್ಲದರ ನಡುವೆ ಕವಿತೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅದನ್ನು ಒಪ್ಪದೆ ಎದ್ದು ನಿಂತವರಲ್ಲಿ ಅವರು ಮುಂದಿನ ಸಾಲಿನವರು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಶಿಫಾರಸು ಮಾಡಿತು, ಅದು ಜಾರಿಯಾಗಲಿಲ್ಲ. 1997ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗಲೂ, 2015ರ ಆಗಸ್ಟಿನಲ್ಲಿ ನೂರು ತುಂಬಿ ತೀರಿಕೊಳ್ಳುವವರೆಗೂ ಅವರ ಮಾತು ಬದಲಾಗಲಿಲ್ಲ.

ಇದೇ ಕಯ್ಯಾರರು ಹದಿನೈದು ವರ್ಷ ಬದಿಯಡ್ಕ ಪಂಚಾಯತಿಯ ಅಧ್ಯಕ್ಷರಾಗಿದ್ದರು! ‘ಈ ನೆಲ ನಿಮ್ಮದಲ್ಲ’ ಎಂದು ಯಾವ ರಾಜ್ಯಕ್ಕೆ ಹೇಳುತ್ತಿದ್ದರೋ, ಅದೇ ರಾಜ್ಯದ ಕಾನೂನಿನ ಕೆಳಗೆ ಕುರ್ಚಿ ಹಿಡಿದರು. ಸಿನಿಮಾದವರಿಗೆ ಇದು ತೊಡಕಿನ ಸಂಗತಿಯೇ. ಮೆರವಣಿಗೆ, ಭಾಷಣಗಳನ್ನು ತೆರೆಯ ಮೇಲೆ ಚೆನ್ನಾಗಿ ತೋರಿಸಬಹುದು. ಪಂಚಾಯತಿ ಸಭೆಯಲ್ಲಿ ಎಂತಹ ದೃಶ್ಯ? ಕಾಲುದಾರಿ, ಬಾವಿ, ಬೀದಿದೀಪ, ಮನೆ ತೆರಿಗೆ. ಆದರೆ ಬಂಡಾಯಗಾರನ ಗಟ್ಟಿತನ ತಿಳಿಯುವುದು ಅಲ್ಲಿಯೇ ಎಂದು ನನಗನ್ನಿಸುತ್ತದೆ. ಗಡಿ ಎಂದು ಸರಿಯುತ್ತದೋ ಯಾರಿಗೂ ತಿಳಿಯದು. ದೀಪ ಮಾತ್ರ ಇವತ್ತು ಸಂಜೆಯೇ ಉರಿಯಬೇಕು. ಇವೆರಡನ್ನೂ ಒಂದೇ ಹೆಗಲ ಮೇಲೆ ಹೊತ್ತವರು ಕಡಿಮೆ.

ಲೇಖಕರು ಚುನಾವಣೆಗೆ ನಿಂತದ್ದು ಹೊಸದೇನಲ್ಲ. ಗೋಪಾಲಕೃಷ್ಣ ಅಡಿಗರು 1971ರಲ್ಲಿ ಬೆಂಗಳೂರಿನಿಂದ ಲೋಕಸಭೆಗೆ ನಿಂತು ಸೋತರು. ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನೇ ಹಿಂತಿರುಗಿಸಿದ್ದ ಶಿವರಾಮ ಕಾರಂತರು 1989ರಲ್ಲಿ, 87ರ ವಯಸ್ಸಿನಲ್ಲಿ, ಕೈಗಾ ಅಣುಸ್ಥಾವರವನ್ನು ವಿರೋಧಿಸುತ್ತ ಉತ್ತರ ಕನ್ನಡದಲ್ಲಿ ನಿಂತು ಸೋತರು. ನಮ್ಮ ಮಲಯಾಳಿ ಸೋದರರು 1962ರ ತಲಶ್ಶೇರಿಯನ್ನು ಮರೆತಿರಲಾರರು. ಅಲ್ಲಿ ಎಸ್.ಕೆ. ಪೊಟ್ಟೆಕ್ಕಾಟ್ ಮತ್ತು ಸುಕುಮಾರ ಅಳೀಕೋಡ್, ಇಬ್ಬರು ಸಾಹಿತಿಗಳೇ ಎದುರುಬದುರು ನಿಂತು, ಪೊಟ್ಟೆಕ್ಕಾಟ್ ಗೆದ್ದರು. ಒ.ಎನ್.ವಿ. ಕುರುಪ್ 1989ರಲ್ಲಿ ತಿರುವನಂತಪುರದಲ್ಲಿ ಸೋತರು. ಇವರೆಲ್ಲ ನೋಡಿದ್ದು ದೆಹಲಿಯ ಕಡೆ. ಕಯ್ಯಾರರು ಕುಳಿತದ್ದು ತಮ್ಮ ಮನೆಯಿಂದ ಹೋಗಿಬರುವಷ್ಟು ಹತ್ತಿರದ ಕುರ್ಚಿಯಲ್ಲಿ.

ಇದು ನಮ್ಮಂಥವರಿಗೆ ಏಕೆ ಮುಖ್ಯ? 1956ರಲ್ಲಿ ಕೊಳ್ಳೇಗಾಲ ಮೈಸೂರಿಗೆ ಹೋಯಿತು, ನಮ್ಮ ತಾಳವಾಡಿ ಸೀಮೆ ಮದರಾಸಿನಲ್ಲೇ ಉಳಿಯಿತು. ಮನೆಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಕೇರಳದ 1969ರ ಆಡಳಿತ ಭಾಷಾ ಕಾಯಿದೆಯಲ್ಲಿ, ಅಲ್ಪಸಂಖ್ಯಾತರ ಪ್ರದೇಶವೆಂದು ಘೋಷಿಸಿದ ಕಡೆ ಕನ್ನಡಿಗರು ಸ್ಥಳೀಯ ಕಚೇರಿಗೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು ಎಂದಿದೆ. ಆದರೆ ಆ ಕಾಗದವನ್ನು ಓದಿ ಉತ್ತರ ಬರೆಸುವವನು ಕಚೇರಿಯೊಳಗೆ ಇಲ್ಲದಿದ್ದರೆ ಕಾಯಿದೆ ಪುಸ್ತಕದಲ್ಲೇ ಉಳಿಯುತ್ತದೆ.

ಇನ್ನು ನಮ್ಮ ಮನೆಯ ಮಾತು. 1996ರ ಪಂಚಾಯತಿ ಚುನಾವಣೆ ಬಂದಾಗ ನಾನು ಹೈಸ್ಕೂಲು ಹುಡುಗ. ಅಪ್ಪ ಬೇಸಾಯಗಾರರಾದರೂ ಪದ್ಯ ಬರೆಯುವವರು. ಬೀದಿಯವರ ಅರ್ಜಿಗಳನ್ನೆಲ್ಲ ಬರೆದುಕೊಡುತ್ತಿದ್ದರು. ಒಂದು ಸಂಜೆ ಏಳೆಂಟು ಜನ ಜಗುಲಿಗೆ ಬಂದು, “ಅಣ್ಣ, ನೀವೇ ನಿಂತ್ಕಳಿ, ನಾವೆಲ್ಲ ಓಟ್ ಹಾಕ್ತೀವಿ” ಎಂದರು. ಅಪ್ಪ ಕೈಮುಗಿದು, “ಬರೆಯೋನಿಗೆ ಇದೆಲ್ಲ ಯಾಕ್ರಪ್ಪ, ಮನಸ್ಸು ಕೆಟ್ಟೋಗ್ತದೆ” ಎಂದು ಕಾಫಿ ಕೊಟ್ಟು ಕಳಿಸಿದರು. ಅಂದು ನನಗೆ ಅಪ್ಪ ಬಹಳ ದೊಡ್ಡವರಾಗಿ ಕಂಡರು.

ಕೆಲವು ವರ್ಷಗಳ ಮೇಲೆ ಒಂದು ಕಚೇರಿಯಿಂದ ಅಜ್ಜಿಯ ಪಿಂಚಣಿ ಬಗ್ಗೆ ತಮಿಳಿನಲ್ಲಿ ನೋಟೀಸು ಬಂತು. ಅಪ್ಪ ಊರಲ್ಲಿರಲಿಲ್ಲ. ಅಜ್ಜಿ ಅದನ್ನು ದೇವರ ಪಟದ ಹಿಂದೆ ಜೋಪಾನವಾಗಿ ಇಟ್ಟಿದ್ದರು. ನಾವು ನೋಡುವಷ್ಟರಲ್ಲಿ ಗಡುವು ಮೀರಿತ್ತು. ಮತ್ತೆ ಪಿಂಚಣಿ ಶುರುವಾಗಲು ಒಂದೂವರೆ ವರ್ಷ ಹಿಡಿಯಿತು. ಆ ದಿನ ಅಪ್ಪ, “ಅವತ್ತು ನಾನು ನಿಂತ್ಕಬೇಕಾಗಿತ್ತು ಕಣಪ್ಪ” ಎಂದು ಒಂದೇ ಮಾತು ಹೇಳಿದರು. ಅವರು ಸದಸ್ಯರಾಗಿದ್ದರೆ ಆ ನೋಟೀಸು ಕನ್ನಡದಲ್ಲಿ ಬರುತ್ತಿತ್ತೆಂದು ನಾನು ಹೇಳಲಾರೆ. ಆದರೆ ಕೇಳುವ ಬಾಯೊಂದು ಅಲ್ಲಿರುತ್ತಿತ್ತು.

ಕುರ್ಚಿಯೇ ಖಾಲಿಯಾದ ಕಾಲವೂ ಇತ್ತು. ತಮಿಳುನಾಡಿನಲ್ಲಿ 2016ರಲ್ಲಿ ನಡೆಯಬೇಕಿದ್ದ ಸ್ಥಳೀಯ ಚುನಾವಣೆ ನಿಂತುಹೋಗಿ, ನಮ್ಮ ಹಳ್ಳಿಗಳಿಗೆ 2019ರ ಡಿಸೆಂಬರಿನಲ್ಲಿ ಬಂತು. ಮೂರು ವರ್ಷ ವಿಶೇಷಾಧಿಕಾರಿಗಳ ಆಡಳಿತ. ವಾರ್ಡ್ ಸದಸ್ಯನ ಬೆಲೆ ನಮಗೆ ಗೊತ್ತಾದದ್ದು ಆಗಲೇ.

ನಮ್ಮ ಸೀಮೆಯ ಗಾಜನೂರಿನ ಮಗ ಡಾ. ರಾಜಕುಮಾರ್ ರಾಜಕೀಯಕ್ಕೆ ಇಳಿಯಲಿಲ್ಲ. ಅದಕ್ಕಾಗಿ ಜನ ಅವರನ್ನು ಗೌರವಿಸಿದರು. ಕಲಾವಿದನ ದೊಡ್ಡತನವನ್ನು ನಾವು ಹೀಗೆ ದೂರ ಉಳಿಯುವುದರಲ್ಲೇ ಕಂಡವರು. ಅದು ತಪ್ಪೆನ್ನುವುದಿಲ್ಲ. ಆದರೆ ಮಲಯಾಳ ಸಾಹಿತ್ಯವನ್ನು ಕನ್ನಡಕ್ಕೆ ತಂದ, ಗಡಿಗಾಗಿ ಹೋರಾಡಿದ, ಜೊತೆಗೆ ಪಂಚಾಯತಿಯ ಕಡತಕ್ಕೆ ರುಜು ಹಾಕಿದ ಬದಿಯಡ್ಕದ ಕವಿ ಇನ್ನೊಂದು ದಾರಿಯನ್ನೂ ತೋರಿಸಿದ್ದಾರೆ. ಅವರ ಮೇಲೆ ಯಾರಾದರೂ ಸಿನಿಮಾ ತೆಗೆದರೆ ಆ ಹದಿನೈದು ವರ್ಷಗಳನ್ನು ದಯವಿಟ್ಟು ಕತ್ತರಿಸಬಾರದು.

ಕಳೆದ ವರ್ಷ ಬೀದಿಯ ಹೆಂಗಸರು ನನ್ನ ತಂಗಿಯ ಹತ್ತಿರ ಬಂದಿದ್ದರು. ಮುಂದಿನ ಸಲ ಅವಳೇ ನಿಲ್ಲಬೇಕಂತೆ. ಅವಳೂ ನಾಲ್ಕು ಕತೆ ಬರೆದವಳು. ಅವಳು ಅಪ್ಪನ ಮುಖ ನೋಡಿದಳು. ಈ ಸಲ ಅಪ್ಪ ಕೈಮುಗಿಯಲಿಲ್ಲ. “ನಿಂತ್ಕೊ ಮಗಾ” ಎಂದರು.