ನೆರೆಮನೆಯಿಂದ ತಂದ ಹೆಪ್ಪು

ಬಿಯರ್ ಮಾಡದ ರೈತನಿಗೆ ದಂಡ. ಕುಡಿದವನಿಗಲ್ಲ ಸ್ವಾಮಿ, ಮಾಡದೆ ಇದ್ದವನಿಗೆ! ಮಧ್ಯಯುಗದಲ್ಲಿ ಪಶ್ಚಿಮ ನಾರ್ವೆಯಲ್ಲಿ ಜಾರಿಯಲ್ಲಿದ್ದ ಗುಲಾಟಿಂಗ್ ಕಾನೂನು ಹೀಗೇ ಹೇಳುತ್ತಿತ್ತು. ಕಡಿಮೆ ಅಂದ್ರೂ ಮೂರು ಮನೆಯವರು ಸೇರಿ ಹಬ್ಬಕ್ಕೆ ಬಿಯರ್ ಮಾಡಬೇಕು. ಒಳ್ಳೆ ಬೆಳೆ, ನೆಮ್ಮದಿ ಕೊಡು ಅಂತ ಕ್ರಿಸ್ತನಿಗೂ ಮೇರಿಗೂ ಬೇಡಿಕೊಂಡು ಕುಡಿಯಬೇಕು. ಮೂರು ವರ್ಷ ಬಿಡದೆ ತಪ್ಪಿಸಿದರೆ ಆಸ್ತಿ ಜಪ್ತಿ, ಅರ್ಧ ರಾಜನಿಗೆ, ಅರ್ಧ ಬಿಷಪ್ಪನಿಗೆ.

ಈಗ ಕ್ರಾಫ್ಟ್ ಬಿಯರ್ ಮಾರುವವರು ಲೇಬಲ್ ಮೇಲೆ 'ಫಾರ್ಮ್‌ಹೌಸ್' ಅಂತ ಹಾಕ್ತಾರಲ್ಲ, ಅದು ನಿಜವಾಗಿ ಫಾರ್ಮಿನಲ್ಲೇ ಇದ್ದ ಜಾಗಗಳಲ್ಲಿ ನಾರ್ವೆಯೂ ಒಂದು. ಹೊಲದಲ್ಲಿ ಬಾರ್ಲಿ ಇತ್ತು, ಗುಡ್ಡದಲ್ಲಿ ಜೂನಿಪರ್ ಗಿಡ ಇತ್ತು, ತಾಮ್ರದ ಹಂಡೆ, ಸೌದೆ ಮನೆಯಲ್ಲೇ ಇದ್ದವು. ಬಾರ್ಲಿ ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ, ಜೂನಿಪರ್ ಕೊಂಬೆ ಹಾಕಿ ಕಾಯಿಸಿದ ನೀರಿನಲ್ಲಿ ನೆನೆಹಾಕುವುದು. ಸಿಹಿ ರಸ ಬಸಿಯೋದಕ್ಕೂ ತೊಟ್ಟಿಯ ತಳದಲ್ಲಿ ಅದೇ ಕೊಂಬೆಗಳ ಜರಡಿ. ವೊಸ್ ಎಂಬ ಕಡೆ ಆ ರಸವನ್ನು ಮೂರು ನಾಲ್ಕು ಗಂಟೆ ಕುದಿಸಿ ಕಂದು ಬಣ್ಣ ಬರಿಸುತ್ತಾರೆ. ಉತ್ತರಕ್ಕೆ ಹೋರ್ನಿಂದಾಲ್ ಕಡೆ ಕುದಿಸೋದೇ ಇಲ್ಲ. ಅಲ್ಲಿನ ಬಿಯರ್ ಕಲಕಲಾಗಿ, ದಪ್ಪಗೆ ಇರುತ್ತೆ.

ಆದರೆ ಕಥೆ ಇರೋದು ಇದರಲ್ಲಿ ಅಲ್ಲ, ಆಮೇಲೆ ಹಾಕುವ ಹೆಪ್ಪಿನಲ್ಲಿ.

ಆ ಹೆಪ್ಪಿಗೆ ಅವರ ಹೆಸರು ಕ್ವೈಕ್. ಬೆಂಕಿ ಹೊತ್ತಿಸುವುದಕ್ಕೆ ಹೇಳುವ ಹಳೆಯ ಮಾತಿಗೆ ಸಂಬಂಧಪಟ್ಟ ಪದ. ಒಲೆ ಆರಿದರೆ ನೆರೆಮನೆಯಿಂದ ಕೆಂಡ ತರುತ್ತಿದ್ದ ಕಾಲವನ್ನು ನಮ್ಮೂರ ಹಿರಿಯರ ಬಾಯಲ್ಲಿ ಕೇಳಿದ್ದರೆ ಈ ಹೆಸರು ತಟ್ಟನೆ ಅರ್ಥವಾಗುತ್ತೆ. ಒಂದು ಸಲದ ಬಿಯರ್ ಹುಳಿತ ಮೇಲೆ ನೊರೆಯನ್ನೋ ತಳದ ಗಷ್ಟನ್ನೋ ತೆಗೆದು ಬಟ್ಟೆಯ ಮೇಲೆ ಸವರಿ ಒಣಗಿಸಿ ಇಡುವುದು. ಇಲ್ಲವೇ ಮರದ ಚಿಕ್ಕ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದ ಹಾರದಂಥ ಬಳೆಯನ್ನು ಅದರಲ್ಲಿ ಅದ್ದಿ ನೇತುಹಾಕುವುದು. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ಕಳೆದರೂ ಅದು ಸಾಯಲ್ಲ. ಮುಂದಿನ ಹಬ್ಬಕ್ಕೆ ಬಳೆಯನ್ನು ಬೆಚ್ಚಗಿನ ರಸಕ್ಕೆ ಹಾಕಿದರೆ ಮತ್ತೆ ಏಳುತ್ತೆ. ಹಾಕುವಾಗ ಜೋರಾಗಿ ಕಿರುಚುವ ಪದ್ಧತಿ ಬೇರೆ ಇತ್ತು.

ನಮ್ಮ ಹೆಪ್ಪು ಕೆಟ್ಟರೆ ಏನು? ಪಕ್ಕದ ಮನೆಗೆ ಹೋಗಿ ತರುವುದು. ಅವರದು ಕೆಟ್ಟಾಗ ಅವರು ಬರ್ತಾರೆ. ದಿನಾ ಗಿಟ್ ರೆಪೊಸಿಟರಿಗಳ ಜೊತೆ ಏಗುವ ನನಗೆ ಇದು ಪಕ್ಕಾ ಡಿಸ್ಟ್ರಿಬ್ಯೂಟೆಡ್ ಬ್ಯಾಕಪ್ ಅನ್ನಿಸ್ತು. ಸರ್ವರ್ ಇಲ್ಲ, ಊರೇ ಸರ್ವರ್.

ರುಚಿಯ ವಿಷಯಕ್ಕೆ ಬರೋಣ. ಸಾಮಾನ್ಯ ಏಲ್ ಯೀಸ್ಟನ್ನು 20 ಡಿಗ್ರಿ ಆಸುಪಾಸಿನಲ್ಲಿ ಹುಳಿಸುತ್ತಾರೆ. ತೀರಾ ಬಿಸಿಯಾದರೆ ಪೇಂಟ್ ತಿನ್ನರ್ ತರದ ಘಾಟು ಬರುತ್ತೆ. ವೊಸ್‌ನವರು ಕ್ವೈಕ್ ಹಾಕೋದು 40 ಡಿಗ್ರಿ ಹತ್ತಿರ. ಎರಡು ಮೂರು ದಿನಕ್ಕೆ ಹುಳಿಯೋದು ಮುಗಿದೇಹೋಗುತ್ತೆ, ಘಾಟಿನ ಬದಲು ಕಿತ್ತಳೆ ಸಿಪ್ಪೆಯ ವಾಸನೆ. ಆಗ ನೆರೆಯವರನ್ನು ಕರೆದು ರುಚಿ ನೋಡಿಸುವ ಪುಟ್ಟ ಕೂಟ, 'ಒಪ್‌ಸ್ಕೋಕೆ'. ಅಂಕ ಕೊಡುವ ತಜ್ಞರಲ್ಲ, ಮುಂದಿನ ವಾರ ತಮ್ಮ ಮನೆಯದನ್ನು ತೋರಿಸಬೇಕಾದವರೇ ತೀರ್ಪುಗಾರರು.

ಕ್ವೈಕ್ ಹಾಕಿ ಮಾಡಿದ ಕ್ರಾಫ್ಟ್ ಬಿಯರ್ ನಾನು ಕುಡಿದಿದ್ದೇನೆ. ಮೂಗಿಗೆ ಕಿತ್ತಳೆ ಚೆನ್ನಾಗೇ ಬಂತು, ನಾಲಿಗೆಗೆ ಹಗುರ, ಕೊನೆಗೆ ಒಣಗಿದ ಹಾಗೆ ಮುಗೀತು. ಒಳ್ಳೆ ಬಿಯರೇ. ಆದರೆ ಗ್ಲಾಸಿನ ತುಂಬ ಗುಳ್ಳೆ, ಜೂನಿಪರ್ ಸುಳಿವಿಲ್ಲ, ಬಣ್ಣ ಒಣಹುಲ್ಲಿನದು. ಊರಿನದು ಗ್ಯಾಸ್ ಕಡಿಮೆ ಇರುವ, ಮಾಲ್ಟ್ ಸಿಹಿಯ ಪಾನೀಯ. ಅದನ್ನೇ ಪಬ್ಬಿನಲ್ಲಿ ತಂದಿಟ್ಟರೆ 'ಫ್ಲ್ಯಾಟ್ ಆಗಿದೆ, ಬದಲಾಯಿಸಿ' ಅಂತ ನಾವೇ ವಾಪಸ್ ಕಳಿಸ್ತೀವೇನೋ. ಹಾಗಾಗಿ ನಾನು ಆ ಬಾಟಲಿಗೆ ಬಿಯರ್ ಅಂತ ಒಳ್ಳೆ ಅಂಕ ಕೊಡ್ತೀನಿ, ಫಾರ್ಮ್‌ಹೌಸ್ ಅನ್ನೋ ಮಾತಿಗೆ ಕೊಡಲ್ಲ.

ಈ ಹೆಪ್ಪುಗಳು ಹೆಚ್ಚುಕಡಿಮೆ ಮುಗಿದೇಹೋಗಿದ್ದವು. 1883ರಲ್ಲಿ ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಎಮಿಲ್ ಕ್ರಿಶ್ಚಿಯನ್ ಹಾನ್ಸೆನ್ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸಿದ ಮೇಲೆ ಬಿಯರ್ ಜಗತ್ತು ಆ ಕಡೆ ತಿರುಗಿತು. ಕೆಟ್ಟುಹೋಗುವ ಬಿಯರ್ ಕಡಿಮೆಯಾಯಿತು, ಅದೇನೂ ಸಣ್ಣ ಲಾಭ ಅಲ್ಲ. ಹಳ್ಳಿಗಳಲ್ಲಿ ಜನ ಬಿಯರ್ ಮಾಡೋದನ್ನೇ ಬಿಟ್ಟರು. ಬಿಡದವರಲ್ಲೂ ಎಷ್ಟೋ ಜನ ಅಂಗಡಿಯ ಬ್ರೆಡ್ ಯೀಸ್ಟ್ ತಂದರು. ಸುಲಭ ತಾನೇ, ಬಳೆ ಒಣಗಿಸೋ ರಗಳೆ ಯಾರಿಗೆ ಬೇಕು? ಊರಲ್ಲಿ ಒಬ್ಬೊಬ್ಬರೇ ಬಿಟ್ಟ ಹಾಗೆ ಬ್ಯಾಕಪ್ಪೂ ಕಡಿಮೆಯಾಗುತ್ತಾ ಬಂತು. ಕೊನೆಗೆ ಉಳಿದ ಒಂದು ಮನೆಯದು ಕೆಟ್ಟರೆ ಕೇಳೋಕೆ ಪಕ್ಕದಲ್ಲಿ ಯಾರೂ ಇಲ್ಲ.

ಓಡ್ ನೋರ್ಲಾಂಡ್ ಎಂಬ ವಿದ್ವಾಂಸ ಈ ಪದ್ಧತಿಗಳ ಬಗ್ಗೆ 1969ರಲ್ಲಿ ದೊಡ್ಡ ಪುಸ್ತಕ ತಂದರು. ಆಮೇಲೆ ನಮ್ಮ ಹಾಗೇ ಸಾಫ್ಟ್‌ವೇರ್ ಕೆಲಸದಲ್ಲಿರುವ ಲಾರ್ಸ್ ಮಾರಿಯಸ್ ಗಾರ್ಶೋಲ್ ರಜೆ ಸಿಕ್ಕಾಗಲೆಲ್ಲ ಹಳ್ಳಿ ಸುತ್ತಿ, ಉಳಿದವರ ಜೊತೆ ಕೂತು ಬರೆದುಕೊಂಡರು, ಹೆಪ್ಪಿನ ಮಾದರಿ ತಂದು ಪ್ರಯೋಗಾಲಯಗಳಿಗೆ ಕೊಟ್ಟರು. 2018ರಲ್ಲಿ ರಿಚರ್ಡ್ ಪ್ರೈಸ್ ಮತ್ತು ಸಂಗಡಿಗರು, ಗಾರ್ಶೋಲ್ ಅವರೂ ಸೇರಿ, ಪ್ರಕಟಿಸಿದ ಅಧ್ಯಯನ ಕ್ವೈಕ್‌ಗಳು ಮನುಷ್ಯ ಪಳಗಿಸಿದ ಯೀಸ್ಟ್‌ಗಳಲ್ಲೇ ಬೇರೆಯ ಒಂದು ಬಳಗ ಅಂತ ತೋರಿಸಿತು. ಅಂದರೆ ಆ ರೈತರು ಬಳೆ ಅದ್ದಿ ಅದ್ದಿ, ಗೊತ್ತಿಲ್ಲದೇ ಒಂದು ತಳಿ ಅಭಿವೃದ್ಧಿ ಮಾಡಿದ್ದರು.

ಈಗ ಯೀಸ್ಟ್ ಕಂಪನಿಗಳು ಕ್ವೈಕನ್ನು ಪೊಟ್ಟಣ ಮಾಡಿ ಪ್ರಪಂಚಕ್ಕೆಲ್ಲ ಮಾರುತ್ತಿವೆ. ಅದರಲ್ಲಿ ಸಾಮಾನ್ಯವಾಗಿ ಇರೋದು ಆರಿಸಿ ತೆಗೆದ ಒಂದೇ ತಳಿ. ಮನೆಯ ಹೆಪ್ಪಿನಲ್ಲಿ ಹಲವು ಇರುತ್ತವೆ, ಕೆಲವದರಲ್ಲಿ ಬ್ಯಾಕ್ಟೀರಿಯಾ ಕೂಡ. ಪೊಟ್ಟಣದಿಂದ ಹೆಪ್ಪು ಉಳೀತು ಅನ್ನೋದು ನನ್ನ ಮಟ್ಟಿಗೆ ಅರ್ಧ ಸತ್ಯ. ಸ್ಟ್ಯೊರ್ದಾಲ್ ಕಡೆ ಜನ ಇವತ್ತಿಗೂ ತಮ್ಮ ಮಾಲ್ಟನ್ನು ತಾವೇ ಸೌದೆ ಹೊಗೆಯಲ್ಲಿ ಒಣಗಿಸಿ, ಹೊಗೆವಾಸನೆಯ ಬಿಯರ್ ಮಾಡ್ತಾರೆ. ಇಷ್ಟೆಲ್ಲ ಕಷ್ಟಪಟ್ಟ ಮೇಲೆ ಹೆಚ್ಚಿನವರು ಅದಕ್ಕೆ ಹಾಕೋದು ಅಂಗಡಿಯ ಬ್ರೆಡ್ ಯೀಸ್ಟ್. ಅಲ್ಲಿಯ ಹಳೇ ಹೆಪ್ಪನ್ನು ಕೇಳಿ ತರೋಣ ಅಂದರೆ ಈಗ ಯಾರ ಮನೆಗೆ ಹೋಗೋದು?