ಯುದ್ಧ ಬಿಟ್ಟುಹೋದ ಲಾರಿಗಳು

ಹೈದರಾಬಾದಿನ ಕೂಕಟ್‌ಪಲ್ಲಿಯನ್ನು ಸೀಳಿಕೊಂಡು ಹೋಗುವ ಮುಂಬಯಿ ಹೆದ್ದಾರಿಯು ಜಹೀರಾಬಾದನ್ನು ದಾಟಿದ ಮೇಲೆ ಕನ್ನಡ ನೆಲವನ್ನು ಹೊಕ್ಕು, ಹುಮನಾಬಾದಿನ ಮೂಲಕ ಸೋಲಾಪುರದ ಕಡೆಗೆ ಸಾಗುತ್ತದೆ. 1948ರ ಸೆಪ್ಟೆಂಬರ್ 13ರಂದು ಸೋಲಾಪುರದ ಕಡೆಯಿಂದ ಹೊರಟ ಭಾರತೀಯ ಸೇನೆಯ ಮುಖ್ಯ ಪಡೆಯು ಇದೇ ದಿಕ್ಕಿನಲ್ಲಿ ನಳದುರ್ಗ, ಹುಮನಾಬಾದ್, ಜಹೀರಾಬಾದುಗಳನ್ನು ದಾಟಿ ಹೈದರಾಬಾದಿಗೆ ಬಂದಿತು. ಆ ಐದು ದಿನಗಳ ರಾಜಕಾರಣದ ಬಗ್ಗೆ ಬೇಕಾದಷ್ಟು ಬರೆಯಲಾಗಿದೆ. ಸೈನಿಕರನ್ನು ಹೊತ್ತು ತಂದ ವಾಹನಗಳ ಬಗ್ಗೆ ಬರೆದವರು ಕಡಿಮೆ. ದೇಶದಲ್ಲಿ ಲಾರಿ ತಯಾರಿಕೆ ಇನ್ನೂ ಬೇರೂರಿರದ ಕಾಲವದು. ಸೇನೆ ಓಡಿಸುತ್ತಿದ್ದದ್ದು ಬಹುಪಾಲು ಎರಡನೆಯ ಮಹಾಯುದ್ಧದ ಕಾಲದ ಗಾಡಿಗಳನ್ನೇ. ಅದೇ ಹೊತ್ತಿಗೆ ಅವುಗಳ ಸೋದರ ವಾಹನಗಳು ಹರಾಜಿನಲ್ಲಿ ಖಾಸಗಿಯವರ ಕೈ ಸೇರಿ, ಬಣ್ಣ ಬದಲಿಸಿಕೊಂಡು, ಭತ್ತ, ಮರಳು, ಮರದ ದಿಮ್ಮಿ ಹೊರಲು ತೊಡಗಿದ್ದವು. ನಮ್ಮ ಹಿರಿಯರ ಬಾಯಲ್ಲಿ ಅವಕ್ಕೆ ಒಂದೇ ಹೆಸರು: ಮಿಲಿಟರಿ ಡಿಸ್ಪೋಜಲ್ ಗಾಡಿ.

ಈ ಗಾಡಿಗಳಿಗೆ ಅಷ್ಟೊಂದು ಬೇಡಿಕೆ ಏಕೆ ಬಂದಿತೆಂಬುದನ್ನು ತಿಳಿಯಲು ಯುದ್ಧಕಾಲದ ಬರವನ್ನು ನೆನೆಯಬೇಕು. ಆ ವರ್ಷಗಳಲ್ಲಿ ನಾಗರಿಕರ ಬಳಕೆಗೆ ಹೊಸ ಲಾರಿ ಬರುವುದು ನಿಂತುಹೋಗಿತ್ತು. ಪೆಟ್ರೋಲಿಗೆ ಪಡಿತರವಿತ್ತು. ಬಸ್ಸಿನ ಹಿಂಬದಿಗೆ ಇದ್ದಿಲಿನ ಗ್ಯಾಸ್ ಪ್ಲಾಂಟ್ ಕಟ್ಟಿಕೊಂಡು, ಏರು ಬಂದಾಗ ಪ್ರಯಾಣಿಕರೇ ಇಳಿದು ತಳ್ಳುತ್ತಿದ್ದ ಚಿತ್ರವನ್ನು ಆ ತಲೆಮಾರಿನ ಅನೇಕರು ನೆನೆದಿದ್ದಾರೆ. ಇನ್ನೊಂದೆಡೆ ದೇಶದ ಈಶಾನ್ಯ ಮೂಲೆಯಲ್ಲಿ ಲಾರಿಗಳ ಪ್ರವಾಹವೇ ಹರಿದಿತ್ತು. ಅಸ್ಸಾಮಿನ ಲೇಡೋದಿಂದ ಬರ್ಮಾ ಮೂಲಕ ಚೀನದ ಕುನ್‌ಮಿಂಗ್‌ವರೆಗೆ ಅಮೆರಿಕನ್ನರ ಮುಂದಾಳತ್ವದಲ್ಲಿ ಕೂಡಿಕೊಂಡ ರಸ್ತೆಯಲ್ಲಿ 1945ರ ಜನವರಿ 12ರಂದು ಹೊರಟ ಮೊದಲ ವಾಹನಸಾಲು ಫೆಬ್ರವರಿ 4ರಂದು ಗುರಿ ಮುಟ್ಟಿತು. ಆ ದಾರಿಯಲ್ಲಿ ದುಡಿದದ್ದು ಹತ್ತು ಚಕ್ರದ ಜಿಎಂಸಿ ಲಾರಿ. ಯುದ್ಧದ ಅವಧಿಯಲ್ಲಿ ಇಂಥವು 5 ಲಕ್ಷಕ್ಕೂ ಹೆಚ್ಚು ತಯಾರಾದವು. ಕೆನಡಾ ದೇಶವು ಬ್ರಿಟಿಷ್ ಸಾಮ್ರಾಜ್ಯದ ಸೇನೆಗಳಿಗಾಗಿ ಮಾಡಿಕೊಟ್ಟ ಮೊಂಡುಮೂತಿಯ ಫೋರ್ಡ್, ಷೆವ್ರೊಲೆಗಳ ಸಂಖ್ಯೆ 4 ಲಕ್ಷಕ್ಕೂ ಮೇಲೆ.

ಯುದ್ಧ ಮುಗಿದಾಗ ಇವನ್ನೆಲ್ಲ ಹಡಗಿನಲ್ಲಿ ಹಿಂದಕ್ಕೆ ಒಯ್ಯುವ ಖರ್ಚು ಯಾರಿಗೂ ಬೇಡವಾಗಿತ್ತು. 1946ರ ಒಪ್ಪಂದದಂತೆ ಅಮೆರಿಕವು ಇಲ್ಲಿದ್ದ ತನ್ನ ಹೆಚ್ಚುವರಿ ಸಾಮಗ್ರಿಯನ್ನು ಭಾರತ ಸರ್ಕಾರಕ್ಕೆ ವಹಿಸಿತು. ಅದನ್ನು ಮಾರುವುದಕ್ಕೆಂದೇ ಡಿಸ್ಪೋಜಲ್ಸ್ ಮಹಾನಿರ್ದೇಶನಾಲಯವಿತ್ತು. ಮುಂದೆ ಸರಬರಾಜು ಮತ್ತು ವಿಲೇವಾರಿ ಎರಡನ್ನೂ ಒಂದೇ ಇಲಾಖೆ ನೋಡಿಕೊಂಡಿತು. ಡಿಜಿಎಸ್‌ಅಂಡ್‌ಡಿ ಎಂದು ಸರ್ಕಾರಿ ನೌಕರರೆಲ್ಲ ಬಲ್ಲ ಆ ಇಲಾಖೆ 2017ರ ಅಕ್ಟೋಬರ್ 31ರಂದು ಬಾಗಿಲು ಮುಚ್ಚಿತು. ಕಚೇರಿಯ ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಹರಾಜಿನ ಷರತ್ತು ಬಾಯಿಪಾಠ: 'ಇದ್ದಲ್ಲಿ, ಇದ್ದಂತೆ'. ಇದರ ಅರ್ಥ ಸರಳವಾದದ್ದು. ಮಾಲು ಎಲ್ಲಿದೆಯೋ ಅಲ್ಲಿಂದ ನೀನೇ ಒಯ್ಯಬೇಕು, ಹೇಗಿದೆಯೋ ಹಾಗೆಯೇ ಕೊಳ್ಳಬೇಕು. ಒಳಗಿನ ದೋಷಕ್ಕೆ ಮಾರಿದವನು ಹೊಣೆಯಲ್ಲ. ಕೊಳ್ಳುವವನಿಗೆ ಉಳಿಯುವ ರಕ್ಷಣೆ ಒಂದೇ, ಹಣ ಕಟ್ಟುವ ಮೊದಲು ಬಾನೆಟ್ ಎತ್ತಿ ನೋಡುವುದು.

ಈ ಬರಹದಲ್ಲಿ ನಾವು ಹೇಳಹೊರಟಿರುವುದು ಆ ನೋಟದ ಬಗ್ಗೆಯೇ. ಯುದ್ಧ ಬಿಟ್ಟುಹೋದ ಗಾಡಿಯ ಬೆಲೆಯನ್ನು ನಿರ್ಧರಿಸಿದವನು ಅದನ್ನು ಬಿಚ್ಚಿ ನೋಡಬಲ್ಲ ಮೇಸ್ತ್ರಿ. ಅವನಿದ್ದ ಕಡೆ ತುಕ್ಕು ಹಿಡಿದ ಕಬ್ಬಿಣವೂ ಅನ್ನ ಕೊಟ್ಟಿತು. ಅವನಿಲ್ಲದ ಕಡೆ ಸರ್ಕಾರದ ಹಣವೂ ಮಣ್ಣುಪಾಲಾಯಿತು.

ಮೇಸ್ತ್ರಿಯ ಮುಂದಿದ್ದ ಕೆಲಸ ಚಿಕ್ಕದಾಗಿರಲಿಲ್ಲ. ಅಮೆರಿಕದ ಲಾರಿಗಳಿಗೆ ಸ್ಟಿಯರಿಂಗು ಎಡಗಡೆ, ನಮ್ಮ ಸಂಚಾರವೂ ಎಡಗಡೆ. ಹಾಗಾಗಿ ಎದುರಿನಿಂದ ಬರುವ ಗಾಡಿ ಚಾಲಕನ ಕಣ್ಣಿಗೆ ಬೀಳುತ್ತಿದ್ದದ್ದು ತಡವಾಗಿ. ಕೆನಡಾದವಕ್ಕೆ ಬಹುತೇಕ ಬಲಗಡೆಯೇ ಇತ್ತು. ಎಲ್ಲ ಚಕ್ರಗಳಿಗೂ ಎಂಜಿನ್ನಿನ ಬಲ ಹಂಚುವ ಟ್ರಾನ್ಸ್‌ಫರ್ ಪೆಟ್ಟಿಗೆಯು ಕೆಸರಿನಲ್ಲಿ ವರ, ಡಾಂಬರು ರಸ್ತೆಯಲ್ಲಿ ಪೆಟ್ರೋಲು ಕುಡಿಯುವ ಹೆಚ್ಚುವರಿ ಭಾರ. ಬಯಲುಸೀಮೆಯಲ್ಲಿ ಬಾಡಿಗೆ ಹೊಡೆಯುವವನಿಗೆ ಮುಂದಿನ ಆಕ್ಸೆಲಿನ ಬಲ ಬೇಕಿರಲಿಲ್ಲ. ಮಲೆನಾಡಿನ ಕೂಪಿನಲ್ಲಿ ದಿಮ್ಮಿ ಎಳೆಯುವವನಿಗೆ ಅದೇ ಪ್ರಾಣ. ಯಾವುದನ್ನು ಕಳಚಬೇಕು, ಯಾವುದನ್ನು ಉಳಿಸಬೇಕು ಎಂಬುದನ್ನು ಗಾಡಿ ಹೋಗಬೇಕಾದ ದಾರಿ ನೋಡಿ ತೀರ್ಮಾನಿಸಬೇಕಿತ್ತು. ಬಿಡಿಭಾಗ ಬೇಕಾದರೆ ಒಂದು ಗಾಡಿಗಾಗಿ ಇನ್ನೊಂದನ್ನು ಬಿಚ್ಚಬೇಕು, ಇಲ್ಲವೇ ಲೇತಿನಲ್ಲಿ ಕಡೆದುಕೊಳ್ಳಬೇಕು. ಪೆಟ್ರೋಲು ದುಬಾರಿಯಾದಂತೆ ಹಳೆಯ ಷಾಸಿಯಲ್ಲೇ ಪರ್ಕಿನ್ಸ್‌ನಂಥ ಡೀಸೆಲ್ ಎಂಜಿನ್ ಕೂರಿಸುವುದು ಒಂದು ಪ್ರತ್ಯೇಕ ಕಸುಬೇ ಆಯಿತು. ಸೇನೆಯೊಡನೆ ಬಂದ ಕೈಪಿಡಿಗಳು ಇಂಗ್ಲಿಷಿನಲ್ಲಿದ್ದವು. ಅಕ್ಷರ ಬಾರದವರಿಗೆ ಚಿತ್ರ ಸಾಕಾಯಿತು, ಚಿತ್ರವೂ ಸಿಗದವರಿಗೆ ಕಳಚುವಾಗ ಜೋಡಿಸಿಟ್ಟ ಕ್ರಮವೇ ಪಾಠವಾಯಿತು. ಟಾಟಾ ಸಂಸ್ಥೆಯು ಜರ್ಮನಿಯ ಬೆಂಜ್ ಜೊತೆ ಸೇರಿ ತನ್ನ ಮೊದಲ ಲಾರಿಯನ್ನು ಹೊರತಂದದ್ದು 1954ರಲ್ಲಿ. ಯುದ್ಧದ ಕೊನೆಗೂ ಅದಕ್ಕೂ ನಡುವಿನ ಒಂಬತ್ತು ವರ್ಷಗಳ ಸಾಗಾಟದ ಹೊರೆಯಲ್ಲಿ ದೊಡ್ಡ ಪಾಲನ್ನು ಹೊತ್ತವು ಈ ಮರುಜನ್ಮದ ಗಾಡಿಗಳು.

ಇದು ನಮ್ಮೊಬ್ಬರ ಕಥೆಯಲ್ಲ. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ, 1919ರಿಂದ ಮೊದಲ್ಗೊಂಡು, ಅಮೆರಿಕ ಸರ್ಕಾರವು ಸೇನೆಯಲ್ಲಿ ಉಳಿದುಹೋದ ಸಾವಿರಾರು ಲಾರಿಗಳನ್ನು ರಾಜ್ಯಗಳ ಹೆದ್ದಾರಿ ಇಲಾಖೆಗಳಿಗೆ ಹಂಚಿತು. ವಿಸ್ಕಾನ್ಸಿನ್‌ನಲ್ಲಿ ತಯಾರಾಗಿದ್ದ ನಾಲ್ಕೂ ಚಕ್ರ ಎಳೆಯುವ ಎಫ್‌ಡಬ್ಲ್ಯುಡಿ ಲಾರಿಗಳ ಮುಂದೆ ಓರೆಯಾದ ಕಬ್ಬಿಣದ ಅಲಗನ್ನು ಕಟ್ಟಿ, ಚಳಿಗಾಲದಲ್ಲಿ ರಸ್ತೆಯ ಹಿಮವನ್ನು ಬದಿಗೆ ತಳ್ಳಲು ಬಳಸಿದರು. ಹಿಮ ತಳ್ಳುವ ಗಾಡಿಗೆ ಬೇಕಾದುದು ವೇಗವಲ್ಲ. ಜಾರದೆ ನಿಲ್ಲುವ ತೂಕ, ಎಲ್ಲ ಚಕ್ರಗಳ ಹಿಡಿತ, ಬಾಗದ ಷಾಸಿ, ಇಳಿಸಿದ ಗೇರಿನಲ್ಲಿ ಗಂಟೆಗಟ್ಟಲೆ ಒಂದೇ ಸಮನೆ ದುಡಿಯುವ ತಾಳ್ಮೆ. ಫಿರಂಗಿ ಎಳೆಯಲು ಹುಟ್ಟಿದ ಲಾರಿಯಲ್ಲಿ ಈ ಗುಣಗಳೆಲ್ಲ ಮೊದಲೇ ಇದ್ದವು. ಹಿಮ ಕವಿದ ಊರಿಗೆ ಹಾಲು, ಅಂಚೆ, ವೈದ್ಯರು ತಲುಪಲು ಯುದ್ಧದ ಉಳಿಕೆಯೇ ದಾರಿ ಮಾಡಿತು. ಅಲ್ಲಿಯೂ ಅಲಗು ಕಟ್ಟಿ, ಭಾರ ಹೊಂದಿಸಿ, ಗಾಡಿಯನ್ನು ಹೊಸ ಕೆಲಸಕ್ಕೆ ಒಗ್ಗಿಸಿದವರು ಗ್ಯಾರೇಜಿನ ಫಿಟ್ಟರುಗಳು.

ಅದೇ ಬಗೆಯ ಮಾಲನ್ನು ನಮ್ಮ ಸರ್ಕಾರ ಕೊಳ್ಳಲು ಹೊರಟಾಗ ಏನಾಯಿತು? 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ ನಡೆದಿತ್ತು, ಸೇನೆಗೆ ಜೀಪುಗಳು ತುರ್ತಾಗಿ ಬೇಕಿದ್ದವು. ಲಂಡನ್ನಿನಲ್ಲಿ ಹೈಕಮಿಷನರಾಗಿದ್ದ ವಿ. ಕೆ. ಕೃಷ್ಣ ಮೆನನ್ ಅವರ ಅವಧಿಯಲ್ಲಿ, ಹೆಚ್ಚು ಬಂಡವಾಳವಿಲ್ಲದ ಒಂದು ಸಂಸ್ಥೆಯ ಮೂಲಕ, ದುರಸ್ತಿ ಮಾಡಿದ 2,000 ಹಳೆಯ ಜೀಪುಗಳಿಗೆ ಒಪ್ಪಂದವಾಯಿತು. ಬಂದಿಳಿದವು 155. ಬಿಚ್ಚಿ ನೋಡಿದಾಗ ಅವು ಸೇನೆಯ ಬಳಕೆಗೆ ಯೋಗ್ಯವಲ್ಲವೆಂದು ತಿಳಿಯಿತು. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಈ ವ್ಯವಹಾರವನ್ನು ಕಟುವಾಗಿ ಟೀಕಿಸಿತು. 1955ರ ಸೆಪ್ಟೆಂಬರಿನಲ್ಲಿ ಗೃಹಸಚಿವ ಗೋವಿಂದ ವಲ್ಲಭ ಪಂತರು ಪ್ರಕರಣ ಮುಗಿದಿದೆಯೆಂದು ಘೋಷಿಸಿದರು. ಸ್ವತಂತ್ರ ಭಾರತದ ಮೊದಲ ಹಗರಣಗಳ ಸಾಲಿನಲ್ಲಿ ಇದನ್ನು ಎಣಿಸುತ್ತಾರೆ, ಯಾರದು ತಪ್ಪು ಎಂಬ ಚರ್ಚೆ ಇಂದಿಗೂ ಇದೆ. ನಮ್ಮ ಗಮನ ಸೆಳೆಯುವುದು ಇನ್ನೊಂದು ಸಂಗತಿ. ತುರ್ತಿನಲ್ಲಿ ಮೊದಲು ಬಲಿಯಾದದ್ದು ತಪಾಸಣೆ. ಸಹಿ ಹಾಕಬಲ್ಲ ಕೈಗಳು ಅಲ್ಲಿ ಅನೇಕವಿದ್ದವು, ಬಾನೆಟ್ ಎತ್ತಬೇಕಾದ ಕೈ ಮಾತ್ರ ತಡವಾಗಿ ಬಂದಿತು. ಗ್ಯಾರೇಜಿನ ಮೇಸ್ತ್ರಿ ತನ್ನ ಸಾಲದ ಹಣ ಕಟ್ಟುವಾಗ ಮಾಡುತ್ತಿದ್ದ ಕೆಲಸವನ್ನು ಒಂದು ಸರ್ಕಾರ ಮಾಡದೆ ಹೋಯಿತು.

ಅದೇ ವರ್ಷ, ಅದೇ ಕಾಶ್ಮೀರ ಯುದ್ಧದಲ್ಲಿ, ಇದಕ್ಕೆ ತದ್ವಿರುದ್ಧವಾದ ಘಟನೆಯೂ ನಡೆಯಿತು. ಲಡಾಖಿನ ಬಾಗಿಲಾದ ಜೋಜಿ ಲಾ ಕಣಿವೆದಾರಿ ಶತ್ರುವಿನ ಕೈಯಲ್ಲಿತ್ತು. ಅದು ಸಮುದ್ರಮಟ್ಟದಿಂದ 3,500 ಮೀಟರಿಗೂ ಎತ್ತರದ ಜಾಗ. ಅಲ್ಲಿಗೆ ಟ್ಯಾಂಕುಗಳನ್ನು ಏರಿಸುವ ಯೋಜನೆಯ ಹಿಂದೆ ಇದ್ದವರು ಕೊಡಗಿನ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯ. ಟ್ಯಾಂಕುಗಳು ಹೊಸವೇನಲ್ಲ, ಮಹಾಯುದ್ಧದ ಕಾಲದ ಅಮೆರಿಕದ ಸ್ಟುವರ್ಟ್‌ಗಳು. ಸೇತುವೆಗಳು ತಾಳಲೆಂದು, ಗುಟ್ಟು ಹೊರಬೀಳದಿರಲೆಂದು, ಅವುಗಳ ಮೇಲಿನ ಗೋಪುರಗಳನ್ನು ಕಳಚಿ ಶ್ರೀನಗರಕ್ಕೆ ಸಾಗಿಸಿದರು. ಬಾಲ್ಟಾಲ್‌ನಿಂದ ಮೇಲಕ್ಕೆ ಹೇಸರಗತ್ತೆ ಹೋಗುವಂಥ ಹಾದಿಯನ್ನು ಅಗೆದು ಅಗಲಿಸಿದವರು ಮದರಾಸ್ ಸ್ಯಾಪರ್ಸ್. ಬೆಂಗಳೂರಿನ ಹಲಸೂರು ಕೆರೆಯ ಬಳಿ ನೆಲೆಯಿರುವ ಎಂಜಿನಿಯರ್ ಪಡೆಯವರು. ಹಿಮದಿಂದ ದಾಳಿ ಮುಂದೆ ಹೋಯಿತು. ಕೊನೆಗೆ ನವೆಂಬರ್ 1ರಂದು 7ನೆಯ ಲೈಟ್ ಕ್ಯಾವಲ್ರಿಯ ಟ್ಯಾಂಕುಗಳು ಕಣಿವೆಯನ್ನು ಹೊಕ್ಕವು. ತಿಂಗಳು ಮುಗಿಯುವ ಮೊದಲೇ ಕಾರ್ಗಿಲ್ ಕೈವಶವಾಯಿತು. ಹಳೆಯ ಯಂತ್ರವು ಅಷ್ಟು ಎತ್ತರಕ್ಕೆ ಏರಿದ್ದು ಅದರ ಮಿತಿಯನ್ನು ಅರಿತವರು ಬಿಚ್ಚಿ, ಜೋಡಿಸಿ, ದಾರಿಯನ್ನು ಅದಕ್ಕೆ ತಕ್ಕಂತೆ ಮಾಡಿದ್ದರಿಂದ.

ಜೋಜಿ ಲಾ ದಾರಿಯ ಹಿಮದ ಕಥೆ ಅಲ್ಲಿಗೆ ಮುಗಿಯಲಿಲ್ಲ. 1960ರ ಮೇ 7ರಂದು ಸ್ಥಾಪನೆಯಾದ ಗಡಿ ರಸ್ತೆಗಳ ಸಂಸ್ಥೆಯು ಪ್ರತಿ ಚಳಿಗಾಲದ ಕೊನೆಗೆ ಅಲ್ಲಿನ ಹಿಮವನ್ನು ಎರಡೂ ಬದಿಯಿಂದ ಕೊರೆಯುತ್ತ ಬರುತ್ತದೆ. ಸೋನಾಮಾರ್ಗ್ ಕಡೆಯಿಂದ ಬೀಕನ್ ತಂಡ, ದ್ರಾಸ್ ಕಡೆಯಿಂದ ವಿಜಯಕ್ ತಂಡ. ಇಂಥ ಕೆಲಸಕ್ಕೆ ಹೋಗುವ ಡೋಜರುಗಳಲ್ಲಿ ನಮ್ಮ ಕೋಲಾರ ಚಿನ್ನದ ಗಣಿಯ ಊರಿನಲ್ಲಿರುವ ಬಿಇಎಂಎಲ್ ಕಾರ್ಖಾನೆಯವೂ ಇವೆ. ಹಿಮವನ್ನು ಕಣ್ಣಾರೆ ಕಾಣದ ಕಾರ್ಮಿಕರು ಎರಕ ಹೊಯ್ದು ಜೋಡಿಸಿದ ಯಂತ್ರಗಳು ಆಳೆತ್ತರದ ಹಿಮಗೋಡೆಯನ್ನು ತಳ್ಳುತ್ತವೆ. 1964ರಲ್ಲಿ ಹುಟ್ಟಿದ ಈ ಸಂಸ್ಥೆಯು ಪರದೇಶದ ಉಳಿಕೆಯನ್ನು ಕಾಯುತ್ತ ಕೂರುವ ಸ್ಥಿತಿಯಿಂದ ದೇಶವನ್ನು ಹೊರತಂದ ಪ್ರಯತ್ನಗಳಲ್ಲೊಂದು.

ಡಿಸ್ಪೋಜಲಿನ ಎರಡನೆಯ ತಲೆಮಾರು ನಮ್ಮದೇ ಗಾಡಿಗಳದು. ಜಬಲಪುರದಲ್ಲಿ ತಯಾರಾದ ಶಕ್ತಿಮಾನ್ ಲಾರಿಗಳೂ, ನಿಸ್ಸಾನ್ ಮಾದರಿಯ ಜೋಂಗಾಗಳೂ ಸೇನೆಯಿಂದ ನಿವೃತ್ತಿ ಪಡೆದು ಹರಾಜಿಗೆ ಬಂದವು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಮಳೆಗಾಲದ ಕೆಸರು ದಾರಿಗೆ ಜೋಂಗಾ ಎಷ್ಟು ಒಗ್ಗಿತೆಂದರೆ ಅದನ್ನು ಮಿಲಿಟರಿಯ ಗಾಡಿಯೆಂದು ನೆನಪಿಸಬೇಕಾಗುತ್ತಿತ್ತು.

ಈ ಪರಂಪರೆ ಈಗ ಕೊನೆಯ ಅಧ್ಯಾಯದಲ್ಲಿದೆ. 2023ರ ಏಪ್ರಿಲ್ 1ರಿಂದ 15 ವರ್ಷ ಮೀರಿದ ಸರ್ಕಾರಿ ವಾಹನಗಳ ನೋಂದಣಿ ರದ್ದಾಗುತ್ತದೆ, ಅವು ಗುಜರಿ ಕೇಂದ್ರಕ್ಕೇ ಹೋಗಬೇಕು. ರಕ್ಷಣೆಯ ವಿಶೇಷ ವಾಹನಗಳಿಗೆ ವಿನಾಯಿತಿ ಇದ್ದರೂ ನಿಯಮದ ದಿಕ್ಕು ಸ್ಪಷ್ಟ. ನಗರದ ಹೊಗೆಯನ್ನು ದಿನವೂ ಉಸಿರಾಡುವ ನಾವು ಇದನ್ನು ತಪ್ಪೆನ್ನಲಾರೆವು. ಆದರೆ ಗಾಡಿಯೊಡನೆ ಅದನ್ನು ಬದುಕಿಸಿದವರ ವಿದ್ಯೆಯೂ ಹೋಗುತ್ತಿದೆ. ಹರಾಜಿನ ಲಾಟು, ದರ, ತಾರೀಖುಗಳು ಸರ್ಕಾರದ ಕಡತಗಳಲ್ಲಿವೆ, ಜೀಪಿನ ವ್ಯವಹಾರ ಸಂಸತ್ತಿನ ದಾಖಲೆಯಲ್ಲಿದೆ, ಜೋಜಿ ಲಾ ಸೇನೆಯ ಚರಿತ್ರೆಯಲ್ಲಿದೆ. ಎಡಗಡೆಯ ಸ್ಟಿಯರಿಂಗನ್ನು ಬಲಕ್ಕೆ ತಂದವರು, ಪೆಟ್ರೋಲಿನ ಷಾಸಿಗೆ ಡೀಸೆಲ್ ಎಂಜಿನ್ ಹೊಂದಿಸಿದವರು ಯಾವ ಊರಿನವರು, ಯಾರಿಂದ ಕಲಿತರು ಎಂಬುದು ಎಲ್ಲಿಯೂ ಬರೆದಿಲ್ಲ. ಅವರ ಶಿಷ್ಯರಲ್ಲಿ ಕೆಲವರಾದರೂ ಇನ್ನೂ ನಮ್ಮ ಊರುಗಳ ಹಳೆಯ ಗ್ಯಾರೇಜುಗಳಲ್ಲಿದ್ದಾರೆ. ಜಿಲ್ಲೆಯ ಇತಿಹಾಸ ಬರೆಯುವ ಗೆಳೆಯರು ಶಾಸನ, ವೀರಗಲ್ಲುಗಳನ್ನು ಹುಡುಕಿ ಹೋಗುವ ದಾರಿಯಲ್ಲಿ ಒಂದು ಮಧ್ಯಾಹ್ನ ಅವರ ಬಳಿಯೂ ಕುಳಿತು ಬರೆದುಕೊಳ್ಳಲಿ.